ಕೆಂಪು ದಾರದ ಮೂರು ಕಾಸು: ಚೀನೀ ನಾಣ್ಯ ರಕ್ಷೆಯಾದ ಬಗೆ

ಪ್ರಶ್ನೆ: ನಮ್ಮ ಗೃಹಪ್ರವೇಶಕ್ಕೆ ಬಂದ ನೆಂಟರೊಬ್ಬರು ಕೆಂಪು ದಾರದಲ್ಲಿ ಕಟ್ಟಿದ ಮೂರು ಚೀನೀ ನಾಣ್ಯಗಳನ್ನು ಉಡುಗೊರೆ ಕೊಟ್ಟಿದ್ದಾರೆ. ನಡುವೆ ಚೌಕ ತೂತಿದೆ, ಒಂದು ಕಡೆ ನಾಲ್ಕು ಚೀನೀ ಅಕ್ಷರಗಳಿವೆ, ಇನ್ನೊಂದು ಕಡೆ ತೂತಿನ ಎಡಬಲಕ್ಕೆ ಬೇರೆಯೇ ಬಗೆಯ ಬರಹವಿದೆ. ಇವು ಎರಡು ಸಾವಿರ ವರ್ಷ ಹಳೆಯವು, ಬೀರುವಿನಲ್ಲಿಟ್ಟರೆ ಹಣ ನಿಲ್ಲುತ್ತದೆ ಎಂದು ಅಂಗಡಿಯವರು ಹೇಳಿದರಂತೆ. ನಮ್ಮ ಅತ್ತೆಯವರು ದೇವರ ಮನೆಯಲ್ಲಿಡೋಣ ಎನ್ನುತ್ತಾರೆ. ಚೀನೀಯರು ನಾಣ್ಯವನ್ನು ಶುಭವೆಂದು ನಂಬಿದ್ದು ಏಕೆ? ಇವುಗಳ ನಿಜವಾದ ಇತಿಹಾಸವೇನು? ನಮ್ಮ ಬಳಿ ಇರುವುದು ಹಳೆಯದೇ ಎಂದು ತಿಳಿಯುವುದು ಹೇಗೆ? (ಓದುಗರೊಬ್ಬರು, ದಾವಣಗೆರೆ)

ಉತ್ತರ: ವಯಸ್ಸಿನ ವಿಚಾರವನ್ನು ಮೊದಲು ಮುಗಿಸುತ್ತೇನೆ, ಏಕೆಂದರೆ ಅದರ ಉತ್ತರ ನಿಮ್ಮ ಪ್ರಶ್ನೆಯಲ್ಲಿಯೇ ಇದೆ. ಹಿಂಬದಿಯಲ್ಲಿ ನೀವು ಕಂಡ ಆ ಬೇರೆ ಬಗೆಯ ಬರಹ ಬಹುಮಟ್ಟಿಗೆ ಮಂಚು ಲಿಪಿ. ಒಂದು ಲಂಬ ಗೆರೆಗೆ ಹಲ್ಲುಗಳನ್ನೂ ಕೊಕ್ಕೆಗಳನ್ನೂ ಜೋಡಿಸಿದಂತೆ ಅದು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಮಂಚುಗಳು ಬೀಜಿಂಗನ್ನು ಹಿಡಿದು ಚಿಂಗ್ ವಂಶದ ಹೆಸರಿನಲ್ಲಿ ಚೀನಾವನ್ನು ಆಳತೊಡಗಿದ್ದು 1644ರಲ್ಲಿ. ಆದ್ದರಿಂದ ನಿಮ್ಮ ಮೂರೂ ನಾಣ್ಯಗಳು ಅಪ್ಪಟ ಹಳೆಯವೇ ಆಗಿದ್ದರೂ ಅವುಗಳ ವಯಸ್ಸು ನಾಲ್ಕು ನೂರು ವರ್ಷವನ್ನು ಮುಟ್ಟುವುದಿಲ್ಲ. ಆದರೆ ಅಂಗಡಿಯವರ ಮಾತಿನಲ್ಲಿ ಒಂದು ಸತ್ಯದ ಎಳೆ ಇದೆ. ಲೋಹದ ತುಂಡು ಹಳೆಯದಲ್ಲದಿದ್ದರೂ ಅದರ ಆಕಾರ ನಿಜಕ್ಕೂ ಎರಡು ಸಾವಿರ ವರ್ಷಕ್ಕೂ ಹಳೆಯದು, ಮತ್ತು ನೀವು ಕೇಳಿದ ಶುಭದ ಕಥೆ ಬೆಳೆದಿರುವುದು ಆ ಆಕಾರದಿಂದಲೇ.

ಚೀನಾದ ಮೊದಲ ಹಣ ನಾಣ್ಯವಲ್ಲ, ಕವಡೆ. ಬೆಲೆ, ಸಂಪತ್ತು, ಕೊಳ್ಳುವಿಕೆಗೆ ಸಂಬಂಧಿಸಿದ ಅನೇಕ ಚೀನೀ ಅಕ್ಷರಗಳೊಳಗೆ ಕವಡೆಯ ಚಿತ್ರ ಇಂದಿಗೂ ಒಂದು ಅಂಗವಾಗಿ ಉಳಿದಿದೆ. ಕ್ರಿ.ಪೂ. ಸುಮಾರು 1200ರಲ್ಲಿ ತೀರಿಕೊಂಡ ಶಾಂಗ್ ವಂಶದ ರಾಣಿ ಫೂ ಹಾವೋಳ ಗೋರಿಯನ್ನು ಆನ್‌ಯಾಂಗ್‌ನಲ್ಲಿ ಅಗೆದಾಗ ಆರು ಸಾವಿರಕ್ಕೂ ಹೆಚ್ಚು ಕವಡೆಗಳು ಸಿಕ್ಕವು. ಅಂದರೆ ಸತ್ತವರ ಜೊತೆಗೂ ಕಾಯುವ ವಸ್ತುವಾಗಿ ಹಣವನ್ನು ಕಳಿಸುವ ಭಾವನೆ ನಾಣ್ಯಕ್ಕಿಂತ ಹಿಂದಿನದು. ಆಮೇಲೆ ಗುದ್ದಲಿಯ ಅಲಗಿನಂಥ ಮತ್ತು ಚಾಕುವಿನಂಥ ಕಂಚಿನ ಹಣ ಬೇರೆ ಬೇರೆ ಸೀಮೆಗಳಲ್ಲಿ ನಡೆಯಿತು. ಕ್ರಿ.ಪೂ. 221ರಲ್ಲಿ ಚಿನ್ ಚಕ್ರವರ್ತಿ ದೇಶವನ್ನು ಒಂದುಗೂಡಿಸಿದ ಮೇಲೆ ಚೌಕ ತೂತಿನ ದುಂಡು ನಾಣ್ಯ ಎಲ್ಲೆಡೆಗೂ ಒಂದೇ ಆಯಿತು. ಅದರ ಮೇಲಿದ್ದ ‘ಬನ್ ಲ್ಯಾಂಗ್’ ಎಂಬ ಎರಡು ಅಕ್ಷರಗಳಿಗೆ ಅರ್ಧ ಲ್ಯಾಂಗ್ ಎಂದಷ್ಟೇ ಅರ್ಥ, ಅದು ತೂಕದ ಹೆಸರು. ಹಾನ್ ವಂಶದ ವೂ ಚಕ್ರವರ್ತಿ ಕ್ರಿ.ಪೂ. 118ರಲ್ಲಿ ಹೊರಡಿಸಿದ ‘ವೂ ಝೂ’ ಎಂಬ ಹೆಸರೂ ತೂಕದ್ದೇ. ಅಲ್ಲಿಂದ ಕ್ರಿಸ್ತಶಕದ ಮೊದಲ ವರ್ಷಗಳವರೆಗೆ ಸರ್ಕಾರ ಎರಕ ಹೊಯ್ದ ವೂ ಝೂ ನಾಣ್ಯಗಳ ಲೆಕ್ಕವನ್ನು ಹಾನ್ ವಂಶದ ಇತಿಹಾಸ ಗ್ರಂಥ 2,800 ಕೋಟಿ ಎಂದು ದಾಖಲಿಸುತ್ತದೆ. ಈ ನಾಣ್ಯ ಏಳು ಶತಮಾನ ನಡೆಯಿತು. ಕ್ರಿ.ಶ. 621ರಲ್ಲಿ ಟಾಂಗ್ ವಂಶದ ಮೊದಲ ಚಕ್ರವರ್ತಿ ‘ಕೈಯುವಾನ್ ತೋಂಗ್‌ಬಾವ್’ ತಂದ ಮೇಲೆ ತೂಕದ ಹೆಸರು ಬಿದ್ದುಹೋಗಿ, ನಾಣ್ಯಕ್ಕೆ ‘ಚಲಾವಣೆಯ ನಿಧಿ’ ಎಂಬರ್ಥದ ‘ತೋಂಗ್‌ಬಾವ್’ ಎಂಬ ಮಾತು ಅಂಟಿಕೊಂಡಿತು. ಸುಲಿಪಿಗೆ ಹೆಸರಾದ ಓಯಾಂಗ್ ಶೂನ್ ಎಂಬ ವಿದ್ವಾಂಸನ ಕೈಬರಹ ಆ ನಾಣ್ಯದ ಮೇಲಿತ್ತು. ತೂಕದ ಬದಲಿಗೆ ಅರ್ಥವುಳ್ಳ ಮಾತು ಬಂದದ್ದು ಮುಂದಿನ ಕಥೆಗೆ ಬಹಳ ಮುಖ್ಯ ಎಂಬುದನ್ನು ದಯವಿಟ್ಟು ನೆನಪಿನಲ್ಲಿಡಿ.

ಚೌಕ ತೂತು ಏಕೆ ಎಂದು ಕೇಳಿದವರಿಗೆ ಎಲ್ಲರೂ ಕೊಡುವ ಉತ್ತರ ಒಂದೇ: ಆಕಾಶ ದುಂಡು, ಭೂಮಿ ಚೌಕ, ನಾಣ್ಯ ಎರಡನ್ನೂ ಕೂಡಿಸಿದ ಪುಟ್ಟ ಲೋಕ. ಆ ಭಾವನೆ ಚೀನಾದಲ್ಲಿ ಪ್ರಾಚೀನವಾದದ್ದೇ. ಆದರೆ ಎರಕದ ಮನೆಯಲ್ಲಿ ನಿಂತು ನೋಡಿದರೆ ಅದಕ್ಕೆ ಇನ್ನೊಂದು ಕಾರಣವೂ ಕಾಣುತ್ತದೆ. ಚೀನೀ ನಾಣ್ಯವನ್ನು ನಮ್ಮ ವರಾಹ, ಪಣಗಳಂತೆ ಅಚ್ಚಿನಿಂದ ಹೊಡೆದು ಮಾಡುತ್ತಿರಲಿಲ್ಲ. ಕರಗಿಸಿದ ಲೋಹವನ್ನು ಮರಳಿನ ಅಚ್ಚಿಗೆ ಹೊಯ್ಯುತ್ತಿದ್ದರು. ಅಚ್ಚು ಬಿಚ್ಚಿದಾಗ ನಡುವಿನ ಕಾಲುವೆಯ ಲೋಹ ಕಾಂಡದಂತೆಯೂ ಎರಡೂ ಕಡೆಯ ನಾಣ್ಯಗಳು ಎಲೆಗಳಂತೆಯೂ ಜೋಡಿಸಿದ ಒಂದು ಮರ ಹೊರಬರುತ್ತಿತ್ತು. ಎಲೆಗಳನ್ನು ಮುರಿದು ತೆಗೆದರೆ ಪ್ರತಿಯೊಂದರ ಅಂಚಿನಲ್ಲೂ ಒರಟು ಮುಳ್ಳು ಉಳಿಯುತ್ತದೆ, ಅದನ್ನು ಅರದಿಂದ ಉಜ್ಜಿ ತೆಗೆಯಬೇಕು. ದುಂಡು ತೂತಿನ ನಾಣ್ಯಗಳನ್ನು ಕೋಲಿಗೆ ಪೋಣಿಸಿ ಉಜ್ಜಿದರೆ ಅವು ಗಿರಗಿರ ತಿರುಗುತ್ತವೆ. ಚೌಕ ಕೋಲಿಗೆ ಚೌಕ ತೂತಿನ ನೂರಾರು ನಾಣ್ಯಗಳನ್ನು ಪೋಣಿಸಿದರೆ ಒಂದೂ ಅಲುಗಾಡದೆ ಎಲ್ಲದರ ಅಂಚೂ ಒಟ್ಟಿಗೆ ನುಣುಪಾಗುತ್ತದೆ. ಆಮೇಲೆ ಅದೇ ತೂತಿನಲ್ಲಿ ದಾರ ತೂರಿಸಿ ಸಾವಿರ ನಾಣ್ಯಗಳ ಸರ ಕಟ್ಟುತ್ತಿದ್ದರು, ಅಂಥ ಒಂದು ಸರ ಮೂರೂವರೆ ನಾಲ್ಕು ಕಿಲೋ ತೂಗುತ್ತಿತ್ತು. ಕುಶಲಕರ್ಮಿಯ ಅನುಕೂಲವೂ ತತ್ತ್ವಜ್ಞಾನಿಯ ಕಲ್ಪನೆಯೂ ಒಂದೇ ಆಕಾರದಲ್ಲಿ ಹೀಗೆ ಕೂಡಿಬಂದದ್ದರಿಂದಲೇ ಅದು 20ನೇ ಶತಮಾನದ ಆರಂಭದವರೆಗೂ ಬದಲಾಗದೆ ಉಳಿಯಿತು ಎಂಬುದು ನನ್ನ ಅಭಿಪ್ರಾಯ.

ನಾಣ್ಯದ ದೇಹದಲ್ಲಿಯೇ ಆಕಾಶಭೂಮಿಗಳ ರೂಪವಿದೆ, ಒಳಗೆ ಚೌಕ, ಹೊರಗೆ ದುಂಡು ಎಂದು ಸ್ಪಷ್ಟವಾಗಿ ಬರೆದವನು ಕ್ರಿ.ಶ. 300ರ ಸುಮಾರಿಗೆ ಇದ್ದ ಲೂ ಬಾವ್. ಅವನು ನಾಣ್ಯವನ್ನು ಹೊಗಳಲು ಹೊರಟವನಲ್ಲ. ಹಣವನ್ನು ದೇವರ ಪೀಠಕ್ಕೇರಿಸಿದ ತನ್ನ ಕಾಲದ ಆಸ್ಥಾನಿಕರನ್ನು ಖಂಡಿಸಲು ಬರೆದ ಬರಹ ಅದು. ಜನರು ಹಣವನ್ನು ಒಡಹುಟ್ಟಿದ ಅಣ್ಣನಂತೆ ಪ್ರೀತಿಸಿ ‘ಚೌಕ ತೂತಣ್ಣ’ ಎಂದು ಕರೆಯುತ್ತಾರೆಂದು ಅದರಲ್ಲಿ ಹೇಳಿದ್ದಾನೆ. ಆ ಹೆಸರು ಚೀನೀ ಮಾತಿನಲ್ಲಿ ಇಂದಿಗೂ ಇದೆ. ದುಡ್ಡೇ ದೊಡ್ಡಪ್ಪ ಎನ್ನುವ ನಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ನಂಟಿನ ಮಾತು ಬಂದದ್ದರಿಂದ ಇನ್ನೊಂದು ಸಂಗತಿಯನ್ನು ಹೇಳಬೇಕು, ಇದು ನನಗೆ ಬಹಳ ಪ್ರಿಯವಾದದ್ದು. ಜಗತ್ತಿನ ನಾಣ್ಯಸಂಗ್ರಾಹಕರೆಲ್ಲ ಈ ಚೌಕ ತೂತಿನ ಚೀನೀ ನಾಣ್ಯವನ್ನು ಇಂಗ್ಲಿಷಿನಲ್ಲಿ ‘ಕ್ಯಾಶ್’ ಎಂದು ಕರೆಯುತ್ತಾರೆ. ಆ ಮಾತು ಚೀನೀ ಭಾಷೆಯದಲ್ಲ. ದಕ್ಷಿಣ ಭಾರತದ ಬಂದರುಗಳಲ್ಲಿ ಪೋರ್ಚುಗೀಸರ ಕಿವಿಗೆ ಬಿದ್ದ ನಮ್ಮ ‘ಕಾಸು’ ಅವರ ಬಾಯಲ್ಲಿ ಬೇರೆ ರೂಪ ತಾಳಿ, ಪೂರ್ವ ದೇಶಗಳ ಚಿಲ್ಲರೆ ನಾಣ್ಯಗಳಿಗೆಲ್ಲ ಹೆಸರಾಗಿ, ಕೊನೆಗೆ ಚೀನಾದ ನಾಣ್ಯದ ಮೇಲೆ ನೆಲೆ ನಿಂತಿತು. ಆದ್ದರಿಂದ ನಿಮ್ಮ ಕೈಯಲ್ಲಿರುವುದನ್ನು ಕಾಸು ಎಂದು ಕರೆದರೆ ತಪ್ಪೇನೂ ಇಲ್ಲ, ಈ ಉತ್ತರದಲ್ಲಿ ನಾನೂ ಹಾಗೆಯೇ ಕರೆಯುತ್ತೇನೆ. ಚೀನೀ ಕಾಸುಗಳು ನಮ್ಮ ನೆಲಕ್ಕೆ ಬಂದದ್ದೂ ಉಂಟು. ತಮಿಳುನಾಡಿನ ತಂಜಾವೂರು ಸೀಮೆಯಲ್ಲಿ ಅವುಗಳ ನಿಕ್ಷೇಪಗಳೇ ಸಿಕ್ಕಿವೆ, ಹೆಚ್ಚಿನವು ಸೋಂಗ್ ವಂಶದ ಕಾಲದವು (10ರಿಂದ 13ನೇ ಶತಮಾನ). ಆದರೆ ಅವು ಕಡಲ ವ್ಯಾಪಾರದ ಹಾದಿಯಲ್ಲಿ ಹಣವಾಗಿ ಬಂದವುಗಳೇ ಹೊರತು ರಕ್ಷೆಯಾಗಿ ಬಂದವುಗಳಲ್ಲ.

ಹಣ ಮತ್ತು ರಕ್ಷೆಯ ಈ ಭೇದವನ್ನೇ ಅಂಗಡಿಗಳಲ್ಲಿ ಯಾರೂ ಹೇಳುವುದಿಲ್ಲ. ಚೀನಾದಲ್ಲಿ ಸಂತೆಗೆ ಹೋಗುವ ಕಾಸು ಬೇರೆ, ಮೈಮೇಲೆ ಧರಿಸುವ ಕಾಸು ಬೇರೆ. ಎರಡನೆಯದಕ್ಕೆ ‘ಯಾನ್‌ಶೆಂಗ್ ಚಿಯೆನ್’ ಎಂದು ಹೆಸರು; ಕೆಡುಕನ್ನು ಅದುಮಿ ಗೆಲ್ಲುವ ಹಣ ಎಂದು ಸ್ಥೂಲವಾಗಿ ಹೇಳಬಹುದು. ಆ ‘ಅದುಮಿ ಗೆಲ್ಲುವ’ ಮಾತು ಹಾನ್ ಇತಿಹಾಸದಲ್ಲಿ ವಾಂಗ್ ಮಾಂಗ್‌ನ ಪ್ರಸಂಗದಲ್ಲಿ ಬರುತ್ತದೆ. ಕ್ರಿ.ಶ. 9ರಲ್ಲಿ ಸಿಂಹಾಸನವನ್ನು ಕಸಿದುಕೊಂಡ ಆತ ದಂಗೆಕೋರರ ಸೈನ್ಯಗಳನ್ನು ಮಂತ್ರಬಲದಿಂದ ಅಡಗಿಸಲು ಸಪ್ತರ್ಷಿಮಂಡಲದ ಆಕಾರದ ಲೋಹದ ವಸ್ತುವನ್ನು ಎರಕ ಹೊಯ್ಯಿಸಿದ. ಅದು ಅವನನ್ನು ಉಳಿಸಲಿಲ್ಲ, ಕ್ರಿ.ಶ. 23ರಲ್ಲಿ ಅವನ ರಾಜ್ಯವೂ ಪ್ರಾಣವೂ ಹೋದವು. ಎರಕದ ಲೋಹಕ್ಕೆ ನಕ್ಷತ್ರಗಳ ಬಲವನ್ನು ತುಂಬಬಹುದೆಂಬ ನಂಬಿಕೆ ಮಾತ್ರ ಉಳಿಯಿತು. ಹಾನ್ ಕಾಲದ ವೂ ಝೂ ಕಾಸುಗಳ ಮೇಲೆ ಚುಕ್ಕಿ, ಬಾಲಚಂದ್ರ, ನಕ್ಷತ್ರಪುಂಜಗಳನ್ನು ಸೇರಿಸಿದ ರಕ್ಷೆಗಳು ಕಾಣಿಸಿಕೊಂಡವು. ಅಲ್ಲಿಂದ ಮುಂದೆ ಚಲಾವಣೆಗೆ ಸಂಬಂಧವೇ ಇಲ್ಲದ, ದೀರ್ಘಾಯುಸ್ಸು, ಸಿರಿ, ಪದವಿಗಳನ್ನು ಹಾರೈಸುವ ಬರಹದ ಕಾಸುಗಳು ಬಂದವು. 1149ರಲ್ಲಿ ಹೋಂಗ್ ಝೂನ್ ಎಂಬ ಅಧಿಕಾರಿ ಬರೆದ ನಾಣ್ಯಗ್ರಂಥದಲ್ಲಿ ಈ ರಕ್ಷಾನಾಣ್ಯಗಳಿಗೆ ಬೇರೆಯೇ ಒಂದು ಭಾಗ ಮೀಸಲಾಗಿದೆ. ಅಂದರೆ ಸೋಂಗ್ ಕಾಲಕ್ಕೇ ವಿದ್ವಾಂಸರು ಇವನ್ನು ಹಣದಿಂದ ಬಿಡಿಸಿ ನೋಡುತ್ತಿದ್ದರು. ನಮ್ಮ ಮನೆಗಳ ರಾಮಟಂಕವನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ರಾಮಟಂಕ ನೋಡಲು ನಾಣ್ಯ, ಆದರೆ ಅದನ್ನು ಕೊಟ್ಟು ಯಾರೂ ಅಕ್ಕಿ ಕೊಂಡವರಲ್ಲ.

ಹಾಗಾದರೆ ರಕ್ಷೆಗೆ ನಾಣ್ಯದ ರೂಪವೇ ಏಕೆ ಬೇಕಾಯಿತು? ನನ್ನ ತಿಳಿವಳಿಕೆಯಲ್ಲಿ ಇದಕ್ಕೆ ಮುಖ್ಯ ಕಾರಣ ಬರಹ. ಬಡವನ ಮನೆಗೂ ಬರುತ್ತಿದ್ದ, ರಾಜಮುದ್ರೆಯ ಬಲವುಳ್ಳ, ಸುಟ್ಟರೂ ನೆನೆದರೂ ಅಳಿಯದ ಬರಹವೆಂದರೆ ಕಾಸಿನ ಮೇಲಿನದು. ಅದರ ಮೇಲಿದ್ದ ಆಳ್ವಿಕೆಯ ಹೆಸರುಗಳೂ, ಅಂದರೆ ದೊರೆ ತನ್ನ ಆಳ್ವಿಕೆಯ ಕಾಲಕ್ಕೆ ಆರಿಸಿ ಇಡುತ್ತಿದ್ದ ಹೆಸರುಗಳೂ, ಶುಭನುಡಿಗಳೇ ಆಗಿರುತ್ತಿದ್ದವು. 976ರಲ್ಲಿ ಆರಂಭವಾದ ಒಂದು ಆಳ್ವಿಕೆಯ ಹೆಸರಿನಲ್ಲಿ ‘ತೈಪಿಂಗ್’, ಅಂದರೆ ಮಹಾಶಾಂತಿ, ಎಂಬ ಮಾತಿತ್ತು. ಆ ಕಾಸನ್ನು ಜನ ಶಾಂತಿಯ ರಕ್ಷೆಯಾಗಿ ಇಟ್ಟುಕೊಂಡರು. ಉತ್ತರ ಝೋವ್ ವಂಶ 579ರಲ್ಲಿ ಹೊರಡಿಸಿದ ಒಂದು ನಾಣ್ಯದ ಬರಹಕ್ಕೆ ಹತ್ತು ಸಾವಿರ ರಾಜ್ಯಗಳಲ್ಲೂ ಎಂದೆಂದಿಗೂ ನಡೆಯುವುದು ಎಂಬ ಅರ್ಥವಿತ್ತು. ಆ ವಂಶ ಎರಡೇ ವರ್ಷದಲ್ಲಿ ಅಳಿಯಿತು, ಮಾತು ಮಾತ್ರ ಎಷ್ಟು ಹಿಡಿಸಿತೆಂದರೆ ಮುಂದಿನ ಶತಮಾನಗಳಲ್ಲಿ ಅದನ್ನು ಅಚ್ಚುಹಾಕಿದ ರಕ್ಷೆಗಳು ಬರುತ್ತಲೇ ಇದ್ದವು. ಅಕ್ಷರ ಓದಲು ಬಾರದವರಿಗೆ ಚಿತ್ರಗಳಿದ್ದವು, ಮತ್ತು ಆ ಚಿತ್ರಗಳನ್ನೂ ಓದಬೇಕಿತ್ತು.

ಇದನ್ನು ಒಂದು ರಕ್ಷೆಯನ್ನು ಹತ್ತಿರದಿಂದ ನೋಡಿಯೇ ತಿಳಿಯಬೇಕು. ಅಂಗೈಯಲ್ಲಿ ಹಿಡಿಯುವ ಒಂದು ಹಿತ್ತಾಳೆಯ ಬಿಲ್ಲೆ, ನಡುವೆ ತೂತು, ತೂತಿನ ಪಕ್ಕದಲ್ಲಿ ರೆಕ್ಕೆ ಹರಡಿದ ಒಂದು ಬಾವಲಿ, ಅಷ್ಟೆ. ನಮ್ಮಲ್ಲಿ ಬಾವಲಿಯನ್ನು ಮನೆಯೊಳಗೆ ಕಂಡರೆ ಅಪಶಕುನವೆನ್ನುವವರು ಬಹಳ. ಚೀನೀ ಭಾಷೆಯಲ್ಲಿ ಬಾವಲಿ ‘ಫೂ’, ಸೌಭಾಗ್ಯವೂ ‘ಫೂ’. ಕಾಸಿನ ತೂತನ್ನು ಅವರು ಕಾಸಿನ ಕಣ್ಣು ಎನ್ನುತ್ತಾರೆ, ಕಣ್ಣಿಗೆ ‘ಯೆನ್’. ಕಾಸು ‘ಚಿಯೆನ್’, ‘ಎದುರು’ ಎಂಬುದೂ ‘ಚಿಯೆನ್’. ಹೀಗೆ ಬಾವಲಿ, ಕಣ್ಣು, ಕಾಸು ಎಂಬ ಮೂರನ್ನು ಬಾಯಲ್ಲಿ ಹೇಳಿದರೆ ‘ಸೌಭಾಗ್ಯ ಕಣ್ಣೆದುರೇ ಇದೆ’ ಎಂಬ ವಾಕ್ಯವಾಗುತ್ತದೆ. ಇಲ್ಲಿ ತೂತು ಬರೀ ತೂತಲ್ಲ, ವಾಕ್ಯದ ಒಂದು ಪದ. ಅದನ್ನು ಮುಚ್ಚಿದರೆ ವಾಕ್ಯ ಕೆಡುತ್ತದೆ. ನಮ್ಮ ಕವಿಗಳು ಶ್ಲೇಷೆಯಲ್ಲಿ ಮಾಡಿದ ಕೆಲಸವನ್ನು ಅಲ್ಲಿನ ಎರಕದವರು ಲೋಹದಲ್ಲಿ ಮಾಡಿದರು. ಜಿಂಕೆ ಇದ್ದರೆ ಸರ್ಕಾರಿ ಸಂಬಳ, ಮೀನು ಇದ್ದರೆ ಖರ್ಚು ಕಳೆದು ಮಿಕ್ಕುವ ಸಮೃದ್ಧಿ, ಕುದುರೆಯ ಮೇಲೆ ಮಂಗ ಕುಳಿತಿದ್ದರೆ ‘ಈಗಿಂದೀಗಲೇ ಸಾಮಂತ ಪದವಿ’. ಎಲ್ಲವೂ ಉಚ್ಚಾರಣೆಯ ಸಾಮ್ಯದಿಂದ ಹುಟ್ಟಿದ ಹಾರೈಕೆಗಳು. ಈ ರಕ್ಷೆಗಳನ್ನು ಬೇರೆ ದೇಶಕ್ಕೆ ತಂದಾಗ ಚಿತ್ರ ಬರುತ್ತದೆ, ಮಾತು ಅಲ್ಲೇ ಉಳಿಯುತ್ತದೆ. ನನಗೆ ನಿಜವಾದ ನಷ್ಟವೆಂದು ತೋರುವುದು ಇದು.

ಸಂತೆಯ ಕಾಸು ಹಣವಾಗಿಯೇ ಹುಟ್ಟಿ, ಆಮೇಲೆ ಕಥೆಯ ಬಲದಿಂದ ರಕ್ಷೆಯಾದ ಉದಾಹರಣೆಗಳೂ ಇವೆ. ಇವುಗಳಲ್ಲಿ ನನ್ನ ಮನಸ್ಸನ್ನು ಹಿಡಿದಿರುವುದು ‘ಝೋವ್‌ಯುವಾನ್ ತೋಂಗ್‌ಬಾವ್’. 955ರಲ್ಲಿ ಉತ್ತರ ಚೀನಾವನ್ನು ಆಳುತ್ತಿದ್ದ ನಂತರದ ಝೋವ್ ವಂಶದ ಷಿಝೋಂಗ್ ಚಕ್ರವರ್ತಿಗೆ ತಾಮ್ರ ಸಾಲದಾಯಿತು. ದೇಶದ ತಾಮ್ರವೆಲ್ಲ ಬೌದ್ಧ ವಿಹಾರಗಳ ಮೂರ್ತಿ, ಗಂಟೆಗಳಲ್ಲಿ ಸೇರಿಕೊಂಡಿತ್ತು. ಅವನು ಸಾವಿರಾರು ವಿಹಾರಗಳನ್ನು ಮುಚ್ಚಿಸಿ ಮೂರ್ತಿಗಳನ್ನು ಕರಗಿಸಿ ಕಾಸು ಹೊಯ್ಯಿಸಿದ. ಜನರ ಹಿತಕ್ಕಾಗಿ ತನ್ನ ಕಣ್ಣನ್ನೂ ಮಾಂಸವನ್ನೂ ದಾನ ಕೊಟ್ಟ ಬುದ್ಧ ಕಂಚಿನ ಪ್ರತಿಮೆಯನ್ನು ಕೊಡಲು ಹಿಂಜರಿಯುತ್ತಾನೆಯೇ ಎಂಬ ಅರ್ಥದ ಮಾತನ್ನು ಆತ ಅಂಜಿದ ಮಂತ್ರಿಗಳಿಗೆ ಹೇಳಿದನೆಂದು ಇತಿಹಾಸಗಳು ಬರೆದಿವೆ. ನಾಲ್ಕು ವರ್ಷಗಳಲ್ಲಿ, 959ರಲ್ಲಿ, ಆತ ಕಾಯಿಲೆಯಿಂದ ತೀರಿಕೊಂಡ. ಮೂರ್ತಿಯ ಎದೆಗೆ ಕೊಡಲಿ ಹಾಕಿದ್ದರಿಂದ ಅವನ ಎದೆಯಲ್ಲೇ ಹುಣ್ಣಾಯಿತು ಎಂದು ಜನ ಆಡಿಕೊಂಡರು. ಆದರೆ ಅದೇ ಜನ ಕಾಸನ್ನು ದೂರವಿಡಲಿಲ್ಲ. ಕರಗಿದರೂ ಬುದ್ಧ ಬುದ್ಧನೇ ಎಂದು ಭಾವಿಸಿ, ಜ್ವರಕ್ಕೂ ಹೆರಿಗೆಯ ಹೊತ್ತಿಗೂ ಆ ಕಾಸನ್ನು ಕೈಯಲ್ಲಿ ಹಿಡಿಸುವ ರೂಢಿ ಬಂತು. ಶತಮಾನಗಳ ನಂತರವೂ ಅದೇ ಬರಹವನ್ನು ಮುಂಬದಿಗೆ ಹಾಕಿ ಹಿಂಬದಿಗೆ ಘಟಸರ್ಪ ಮತ್ತು ಫೀನಿಕ್ಸ್ ಹಕ್ಕಿಯನ್ನು ಕೆತ್ತಿದ ರಕ್ಷೆಗಳನ್ನು ಮಾಡಿದರು.

ಇದರ ಮೊಮ್ಮಗನಂಥದ್ದು ಚಿಂಗ್ ವಂಶದ ಕಾಂಗ್‌ಶಿ ಚಕ್ರವರ್ತಿಯ ‘ಅರ್ಹಂತ ಕಾಸು’ (ಅರ್ಹಂತರೆಂದರೆ ಇಲ್ಲಿ ಬೌದ್ಧರ ಸಿದ್ಧಪುರುಷರು). 1713ರಲ್ಲಿ, ಅವರ ಎಣಿಕೆಯಂತೆ ಅವನ ಅರವತ್ತನೆಯ ಹುಟ್ಟುಹಬ್ಬಕ್ಕೆ ಹೊಯ್ದ ಕಾಸಿದು ಎಂದು ಹೇಳುತ್ತಾರೆ. ಸಾಮಾನ್ಯ ಕಾಂಗ್‌ಶಿ ಕಾಸಿಗೂ ಇದಕ್ಕೂ ಇರುವ ವ್ಯತ್ಯಾಸ ಒಂದು ಗೆರೆಯಷ್ಟು ಚಿಕ್ಕದು: ಕೆಳಗಿನ ‘ಶಿ’ ಅಕ್ಷರದ ಎಡಭಾಗದಲ್ಲಿ ಇರಬೇಕಾದ ಒಂದು ಲಂಬ ಗೆರೆ ಇಲ್ಲಿ ಇಲ್ಲ. ಅಷ್ಟು ಸಾಕಾಯಿತು. ಚಿನ್ನದ ಅರ್ಹಂತ ಮೂರ್ತಿಗಳನ್ನು ಕರಗಿಸಿ ಇದಕ್ಕೆ ಬೆರೆಸಿದ್ದಾರೆ ಎಂಬ ಸುದ್ದಿ ಹಬ್ಬಿ, ಹುಡುಗ ಹುಡುಗಿಯರು ಇದನ್ನು ಒಲವಿನ ಗುರುತಾಗಿ ಕೊಟ್ಟುಕೊಂಡರು, ತಾಯಂದಿರು ಮಕ್ಕಳ ಕೊರಳಿಗೆ ಕಟ್ಟಿದರು. ಲೋಹ ಹಿತ್ತಾಳೆಯೇ. ಟಾಂಗ್ ವಂಶದ ಕೈಯುವಾನ್ ಕಾಸಿನ ಹಿಂಬದಿಯ ಬಾಲಚಂದ್ರ ಗುರುತಿಗೂ ಇಂಥದೇ ಕಥೆಯಿದೆ. ಮೇಣದ ಮಾದರಿಯನ್ನು ತೋರಿಸಲು ತಂದಾಗ ರಾಣಿಯ ಉಗುರು ತಾಗಿ ಬಿದ್ದ ಗುರುತು ಅದು ಎನ್ನುತ್ತಾರೆ. ಯಾವ ರಾಣಿ ಎಂಬುದರಲ್ಲಿಯೇ ಕಥೆಗಳು ಹೊಂದುವುದಿಲ್ಲವಾದ್ದರಿಂದ ಅದನ್ನು ಇತಿಹಾಸವೆಂದು ಹಿಡಿಯಬೇಕಿಲ್ಲ.

ಮನೆಬಳಕೆಯ ರೂಢಿಗಳಿಗೆ ಬರುತ್ತೇನೆ. ಚೀನೀ ಹೊಸ ವರ್ಷಕ್ಕೆ ಮಕ್ಕಳಿಗೆ ಕೆಂಪು ಲಕೋಟೆಯಲ್ಲಿ ಹಣ ಕೊಡುವುದನ್ನು ನೀವು ಕೇಳಿರಬಹುದು. ಕಾಗದದ ಲಕೋಟೆ ಬರುವ ಮೊದಲು ಕಾಸುಗಳನ್ನು ಬಣ್ಣದ ದಾರದಲ್ಲಿ ಪೋಣಿಸಿ ಮಗುವಿನ ದಿಂಬಿನ ಕೆಳಗೋ ಮಂಚದ ಕಾಲ ಬಳಿಯೋ ಇಡುತ್ತಿದ್ದರು, ಕೆಲವು ಕಡೆ ಘಟಸರ್ಪದ ಆಕಾರದಲ್ಲಿ ಕಟ್ಟುತ್ತಿದ್ದರು. ಅದರ ಹೆಸರು ‘ಯಾ ಸುಯಿ ಚಿಯೆನ್’. ‘ಸುಯಿ’ ಎಂದರೆ ವರ್ಷ, ಕೆಡುಕು ಮಾಡುವ ಪೀಡೆಗೂ ಅದೇ ಉಚ್ಚಾರ. ಹೀಗಾಗಿ ಅದು ವರ್ಷಾಂತ್ಯದ ಹಣವೂ ಹೌದು, ಪೀಡೆಯನ್ನು ಅದುಮುವ ಹಣವೂ ಹೌದು. ಮಗು ಹುಟ್ಟಿದರೆ ನೂರು ಮನೆಗಳಿಂದ ಒಂದೊಂದು ಕಾಸು ಬೇಡಿ ತಂದು, ಅದರಿಂದ ಬೀಗದ ಆಕಾರದ ಪದಕ ಮಾಡಿಸಿ ಕೊರಳಿಗೆ ಹಾಕುತ್ತಿದ್ದರು. ನೂರು ಮನೆಯವರ ಹಾರೈಕೆ ಮಗುವನ್ನು ಬದುಕಿಗೆ ಬೀಗ ಹಾಕಿ ಹಿಡಿದಿಡುತ್ತದೆಂಬ ಭಾವ. ಶಿಶುಗಳು ಕೈತಪ್ಪಿ ಹೋಗುತ್ತಿದ್ದ ಕಾಲದಲ್ಲಿ ಭಿಕ್ಷೆ ಎತ್ತಿ ತಂದ ಹಣದಿಂದ ಮಗುವನ್ನು ಉಳಿಸಿಕೊಳ್ಳಲು ಹೊರಟ ತಾಯಿಯನ್ನು ನೆನೆದರೆ ಈ ಪದಕವನ್ನು ಮೂಢನಂಬಿಕೆ ಎಂಬ ಒಂದು ಮಾತಿನಲ್ಲಿ ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಮದುವೆಯ ಮಂಚದ ಮೇಲೆ ಹಣ್ಣುಕಾಯಿಗಳ ಜೊತೆ ಕಾಸು ಎರಚುವ ರೂಢಿಯೂ ಇತ್ತು, ಅದಕ್ಕೆಂದೇ ಬೇರೆ ರಕ್ಷೆಗಳನ್ನು ಹೊಯ್ಯುತ್ತಿದ್ದರು.

ಇನ್ನು ಕಾಸಿನ ಕತ್ತಿ. ಕಬ್ಬಿಣದ ಸರಳುಗಳ ಸುತ್ತ ನೂರರಷ್ಟು ಕಾಸುಗಳನ್ನು ಮೀನಿನ ಹುರುಪೆಯಂತೆ ಒಂದರ ಮೇಲೊಂದು ಬರುವಂತೆ ಕೆಂಪು ದಾರದಿಂದ ಬಿಗಿದು ಮಾಡಿದ ಕತ್ತಿ ಅದು. ಯಾರಾದರೂ ಅಪಮೃತ್ಯುವಿಗೀಡಾದ ಕೋಣೆಯಲ್ಲಿ, ರೋಗಿಯ ಮಂಚದ ಬಳಿ ಅದನ್ನು ತೂಗುಹಾಕುತ್ತಿದ್ದುದನ್ನು 19ನೇ ಶತಮಾನದಲ್ಲಿ ಚೀನಾದಲ್ಲಿದ್ದ ವಿದೇಶೀಯರು ವರ್ಣಿಸಿದ್ದಾರೆ. ಸಾಧ್ಯವಾದಷ್ಟೂ ಒಂದೇ ದೊರೆಯ ಕಾಸುಗಳನ್ನು ಆರಿಸುತ್ತಿದ್ದರು, ಅದರಲ್ಲೂ ಅರವತ್ತು ವರ್ಷ ಆಳಿದ ಕಾಂಗ್‌ಶಿಯ ಕಾಸುಗಳಿಗೆ ಬೇಡಿಕೆ. ಅಷ್ಟು ದೀರ್ಘ ಕಾಲ ಆಳಿದ ದೊರೆಯ ಹೆಸರು ಮನೆಯಲ್ಲಿದ್ದರೆ ದೊರೆಯೇ ಕಾವಲಿದ್ದಂತೆ ಎಂಬುದು ಅದರ ಹಿಂದಿನ ಯೋಚನೆ. ಕಾಂಗ್‌ಶಿ ಕಾಲದಲ್ಲಿ ಬೇರೆ ಬೇರೆ ಊರಿನ ಟಂಕಸಾಲೆಗಳು ಹಿಂಬದಿಗೆ ತಮ್ಮ ಊರಿನ ಅಕ್ಷರವನ್ನು ಹಾಕುತ್ತಿದ್ದವು. ಅಂಥ ಇಪ್ಪತ್ತು ಅಕ್ಷರಗಳನ್ನು ಜೋಡಿಸಿ ಜನ ಒಂದು ಪದ್ಯವನ್ನೇ ಕಟ್ಟಿದ್ದರು. ಆ ಇಪ್ಪತ್ತು ಕಾಸುಗಳನ್ನು ಪದ್ಯದ ಕ್ರಮದಲ್ಲಿ ಪೋಣಿಸಿದ ಸರವೂ ಒಂದು ರಕ್ಷೆಯಾಗಿತ್ತು.

ಈಗ ನಿಮ್ಮ ಮೂರು ಕಾಸುಗಳು. ಮೂರೆಂಬ ಸಂಖ್ಯೆಗೆ ಎರಡು ಬೇರುಗಳಿವೆ. ಒಂದು, ಆಕಾಶ, ಭೂಮಿ, ಮನುಷ್ಯ ಎಂಬ ಚೀನೀ ತ್ರಯ: ದುಂಡು ಆಕಾಶ, ಚೌಕ ಭೂಮಿ, ನಡುವೆ ದೊರೆಯ ಹೆಸರಿನ ರೂಪದಲ್ಲಿ ಮನುಷ್ಯ. ಇನ್ನೊಂದು, ‘ಯೀ ಜಿಂಗ್’ ಗ್ರಂಥದ ಪ್ರಕಾರ ಕಣಿ ನೋಡುವ ಪದ್ಧತಿ. ಮೂರು ಕಾಸುಗಳನ್ನು ಆರು ಸಲ ಎಸೆಯುತ್ತಾರೆ. ಒಂದು ಮುಖಕ್ಕೆ ಎರಡು, ಇನ್ನೊಂದಕ್ಕೆ ಮೂರು ಎಂದು ಬೆಲೆ ಕಟ್ಟಿ ಕೂಡಿದರೆ ಪ್ರತಿ ಸಲವೂ ಆರು, ಏಳು, ಎಂಟು ಅಥವಾ ಒಂಬತ್ತು ಬರುತ್ತದೆ, ಅದರಂತೆ ಒಂದೊಂದು ಗೆರೆ ಎಳೆದು ಅರವತ್ತನಾಲ್ಕು ಆಕೃತಿಗಳಲ್ಲಿ ಒಂದನ್ನು ಪಡೆಯುತ್ತಾರೆ. ಕೆಂಪು ದಾರದಲ್ಲಿ ಕಟ್ಟಿ ಬೀರುವಿನಲ್ಲೋ ಹಣದ ಚೀಲದಲ್ಲೋ ಇಡುವ ಪದ್ಧತಿ ಫೆಂಗ್‌ಶೂಯಿ (ಚೀನೀಯರ ವಾಸ್ತು) ಅಂಗಡಿಗಳ ಮೂಲಕ ಪ್ರಚಾರಕ್ಕೆ ಬಂದದ್ದು. ಕೆಂಪು ದಾರ ಹಳೆಯದು, ಬೀರು ಹೊಸದು. ಅದೇ ಅಂಗಡಿಗಳಲ್ಲಿ ಸಿಗುವ ‘ಐದು ಚಕ್ರವರ್ತಿಗಳ ಕಾಸು’ಗಳ ಬಗೆಗೂ ಒಂದು ಮಾತು. ಶುನ್‌ಝಿ (1644–1661), ಕಾಂಗ್‌ಶಿ (1662–1722), ಯೋಂಗ್‌ಝೆಂಗ್ (1723–1735), ಚಿಯಾನ್‌ಲೋಂಗ್ (1736–1795), ಜಿಯಾಚಿಂಗ್ (1796–1820) ಎಂಬ ಐದು ಆಳ್ವಿಕೆಗಳು ಚೀನಾದ ಸಮೃದ್ಧಿಯ ಕಾಲವೆಂಬುದು ಅದರ ಸಮರ್ಥನೆ. ನಡುವಿನ ಮೂವರ ವಿಚಾರದಲ್ಲಿ ಅದನ್ನು ಒಪ್ಪಬಹುದು. ಜಿಯಾಚಿಂಗನ ಆಳ್ವಿಕೆ ಮಾತ್ರ ಬಿಳಿ ತಾವರೆ ಪಂಥದವರ ದೊಡ್ಡ ದಂಗೆಯೊಂದಿಗೇ ಆರಂಭವಾಗಿ, ಅದನ್ನು ಅಡಗಿಸಲು 1804ರವರೆಗೆ ಹೆಣಗಿ ಬೊಕ್ಕಸವನ್ನು ಬರಿದು ಮಾಡಿಕೊಂಡಿತು. ಸಮೃದ್ಧಿಗಿಂತ ಹೆಚ್ಚಾಗಿ ಈ ಕಾಸುಗಳು ಹೇರಳವಾಗಿ ಸಿಗುವುದೂ, ಹೆಸರುಗಳ ಅರ್ಥ ಇಂಪಾಗಿರುವುದೂ ಆಯ್ಕೆಗೆ ಕಾರಣವೆಂದು ನಾನು ಭಾವಿಸುತ್ತೇನೆ: ಶುನ್‌ಝಿಯ ‘ಶುನ್’ ಎಂದರೆ ಸರಾಗ, ಚಿಯಾನ್‌ಲೋಂಗನ ‘ಲೋಂಗ್’ ಎಂದರೆ ಏಳಿಗೆ. ಇಲ್ಲಿಯೂ ಕೆಲಸ ಮಾಡಿರುವುದು ಬರಹವೇ.

ನಿಮ್ಮ ಕಾಸುಗಳನ್ನು ಪರೀಕ್ಷಿಸುವುದು ಕಷ್ಟವಲ್ಲ. ಮೊದಲು ಅಯಸ್ಕಾಂತ ಹಿಡಿಯಿರಿ. ಬಿಗಿಯಾಗಿ ಅಂಟಿಕೊಂಡರೆ ಅದು ಹಿತ್ತಾಳೆಯ ಲೇಪವುಳ್ಳ ಕಬ್ಬಿಣ, ಇಂದಿನ ಕಾರ್ಖಾನೆಯ ಮಾಲು. ಅಂಟದಿದ್ದರೆ ಚಿನ್ನಬೆಳ್ಳಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ. ಚಿಯಾನ್‌ಲೋಂಗ್ ಕಾಲದ ಸಾಮಾನ್ಯ ಕಾಸು ಸುಮಾರು 22ರಿಂದ 26 ಮಿಲಿಮೀಟರ್ ಅಗಲವಿದ್ದು ಮೂರರಿಂದ ಐದು ಗ್ರಾಂ ತೂಗುತ್ತದೆ. ಎರಕದ ಕೆಲಸವಾದ್ದರಿಂದ ನಿಜವಾದ ಮೂರು ಕಾಸುಗಳು ಎಂದೂ ಅಳತೆಯಲ್ಲಿ ಒಂದೇ ಸಮ ಇರುವುದಿಲ್ಲ. ಒಂದರ ತೂತು ಸ್ವಲ್ಪ ಓರೆ, ಇನ್ನೊಂದರ ಅಂಚು ಒಂದು ಕಡೆ ದಪ್ಪ, ಮತ್ತೊಂದರ ಅಕ್ಷರ ಸವೆದಿರುತ್ತದೆ. ಮೂರೂ ತದ್ರೂಪವಾಗಿದ್ದು, ಸವೆತವೂ ಒಂದೇ ಜಾಗದಲ್ಲಿದ್ದರೆ ಅವು ಒಂದೇ ಅಚ್ಚಿನಿಂದ ಹೊರಟ ನಕಲುಗಳು. ಆಮೇಲೆ ಭೂತಕನ್ನಡಿಯಲ್ಲಿ ಅಂಚನ್ನು ನೋಡಿ, ಅರದಿಂದ ಉಜ್ಜಿದ ಸಣ್ಣ ಗೀರುಗಳು ಅಲ್ಲಿರಬೇಕು. ಹಿಂಬದಿಯ ಮಂಚು ಬರಹದಲ್ಲಿ ಎಡಗಡೆಯದು ‘ನಿಧಿ’ ಎಂಬರ್ಥದ ಪದ, ಬಲಗಡೆಯದು ಟಂಕಸಾಲೆಯ ಹೆಸರು. ನಕಲು ಮಾಡುವವರಿಗೆ ಆ ಲಿಪಿ ಬಾರದ ಕಾರಣ ಹಲ್ಲುಗಳು ಕಲಸಿಹೋಗಿ ಬರೀ ಅಲಂಕಾರದ ಬಳ್ಳಿಯಂತೆ ಕಾಣುತ್ತದೆ. ಬಣ್ಣವೂ ಸಾಕ್ಷಿ ನುಡಿಯುತ್ತದೆ. 1740ರಲ್ಲಿ ಚಿಯಾನ್‌ಲೋಂಗ್ ಸರ್ಕಾರ ನೂರಕ್ಕೆ 50 ಭಾಗ ತಾಮ್ರ, 41.5 ಭಾಗ ಸತು, 6.5 ಭಾಗ ಸೀಸ, 2 ಭಾಗ ತವರ ಎಂಬ ಮಿಶ್ರಣವನ್ನು ನಿಗದಿ ಮಾಡಿತು. ಇಂಥ ಲೋಹ ಕಾಲ ಕಳೆದಂತೆ ಕಂದು, ಆಲಿವ್ ಹಸಿರು ಬಣ್ಣಕ್ಕೆ ತಿರುಗುತ್ತದೆ, ಹೊಳೆಯುವ ಚಿನ್ನದ ಬಣ್ಣದಲ್ಲಿ ಉಳಿಯುವುದಿಲ್ಲ. ಇಷ್ಟೆಲ್ಲ ಪರೀಕ್ಷೆಯಲ್ಲೂ ಗೆದ್ದರೆ ನಿಮ್ಮ ಬಳಿ ನಿಜವಾದ ಹಳೆಯ ಕಾಸುಗಳಿವೆ. ಆದರೆ ಅವುಗಳ ಬೆಲೆಯ ಬಗ್ಗೆ ದೊಡ್ಡ ಆಸೆ ಬೇಡ, ಆ ಕಾಲದಲ್ಲಿ ಕೋಟಿಗಟ್ಟಲೆ ಹೊಯ್ದಿದ್ದರಿಂದ ಸಾಮಾನ್ಯ ಚಿಯಾನ್‌ಲೋಂಗ್ ಕಾಸು ಇಂದಿಗೂ ಅಗ್ಗ.

ಹಣ ನಿಲ್ಲುತ್ತದೆಯೇ ಎಂಬುದಕ್ಕೆ ನಾಣ್ಯಶಾಸ್ತ್ರದಲ್ಲಿ ಉತ್ತರವಿಲ್ಲ, ಹೌದೆಂದು ಹೇಳಿದರೆ ನಾನು ನಿಮಗೆ ಮೋಸ ಮಾಡಿದಂತಾಗುತ್ತದೆ. ಅತ್ತೆಯವರು ದೇವರ ಮನೆಯಲ್ಲಿಡಲು ಬಯಸಿದರೆ ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಕವಡೆಯನ್ನೂ ರಾಮಟಂಕವನ್ನೂ ಇಡುವ ನಮ್ಮ ದೇವರ ಮನೆಗೆ, ಬಳಸಿದವರ ಹಾರೈಕೆಗಳನ್ನು ಹೊತ್ತ ಇನ್ನೊಂದು ಕಾಸು ಪರಕೀಯವೆನಿಸುವುದಿಲ್ಲ. ನಾಲ್ಕು ಚೀನೀ ಅಕ್ಷರಗಳ ಮುಖ ಮೇಲೆ ಬರುವಂತೆ ಇಡುವುದು ಅಲ್ಲಿನ ರೂಢಿ, ಆ ಮುಖವನ್ನು ಅವರು ‘ಯಾಂಗ್’, ಅಂದರೆ ಬೆಳಕಿನ ಬದಿ ಎನ್ನುತ್ತಾರೆ. ಓದುವಾಗ ಮೊದಲು ಮೇಲಿನದು, ಆಮೇಲೆ ಕೆಳಗಿನದು, ಆಮೇಲೆ ಬಲ, ಕೊನೆಗೆ ಎಡ: ಮೊದಲೆರಡು ದೊರೆಯ ಆಳ್ವಿಕೆಯ ಹೆಸರು, ಉಳಿದೆರಡು ‘ತೋಂಗ್‌ಬಾವ್’. ಒಂದೇ ಒಂದು ಎಚ್ಚರಿಕೆ: ಹಬ್ಬ ಬಂತೆಂದು ದೀಪ, ಆರತಿ ತಟ್ಟೆಗಳ ಜೊತೆ ಇವನ್ನೂ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹುಳಿ ತಾಗಿದರೆ ಕಾಲ ಕೂಡಿಸಿದ ಆ ಕಂದು ಪದರ ಒಂದೇ ಸಲಕ್ಕೆ ಎದ್ದುಹೋಗುತ್ತದೆ, ಸವೆದ ಅಕ್ಷರ ಇನ್ನಷ್ಟು ಸವೆಯುತ್ತದೆ. ಒಣ ಹತ್ತಿ ಬಟ್ಟೆಯಿಂದ ಧೂಳು ಒರೆಸಿ, ಅರಿಸಿನ ಕುಂಕುಮವನ್ನು ದಾರಕ್ಕೆ ಹಚ್ಚಿ, ಲೋಹಕ್ಕೆ ಬೇಡ.